ಕೆರೆ, ಹೊಂಡದ ವಿಷಪಾಚಿಗೆ ವಿದ್ಯುತ್ ಶುದ್ಧೀಕರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಕೆರೆ, ಜಲಾಶಯ, ಕೃಷಿಹೊಂಡದ ನೀರನ್ನು ಎತ್ತಿ ಬಳಸುವವರಿಗಾಗಿ: ಸಣ್ಣ ನೀರು ಸರಬರಾಜು ಘಟಕ, ಹೈನುಗಾರಿಕೆ, ಕಾಲೇಜಿನ ಪ್ರಯೋಗಾಲಯ. ಲೆಕ್ಕಗಳೆಲ್ಲ ಒಂದು ಸಲಕ್ಕೆ 1,000 ಲೀಟರ್ ನೀರಿಗೆ.

ನೀರು ಹಸಿರಾಗಿದೆ. ಅದು ವಿಷದ ಪಾಚಿಯೇ ಎಂದು ತಿಳಿಯುವುದು ಹೇಗೆ?

ಹಸಿರೆಲ್ಲ ವಿಷವಲ್ಲ. ಕೈಗೆ ನೂಲಿನಂತೆ ಸಿಗುವ, ಕೋಲಿನಲ್ಲಿ ಎತ್ತಿದರೆ ಕೂದಲಿನಂತೆ ಜೋತುಬೀಳುವ ಪಾಚಿ ಬಹುಪಾಲು ನಿರುಪದ್ರವಿ. ಎಚ್ಚರ ಬೇಕಾದದ್ದು ಹಸಿರು ಪೇಂಟ್ ಚೆಲ್ಲಿದಂತೆ ಕಾಣುವ, ಹತ್ತಿರದಿಂದ ನೋಡಿದರೆ ರವೆಯಂಥ ಸಣ್ಣ ಹರಳುಗಳು ತೇಲುವ ನೀರಿಗೆ. ಅದು ಸಾಮಾನ್ಯವಾಗಿ ಮೈಕ್ರೋಸಿಸ್ಟಿಸ್. ಹೆಸರಿಗೆ ನೀಲಿ-ಹಸಿರು ಪಾಚಿ, ನಿಜದಲ್ಲಿ ಬ್ಯಾಕ್ಟೀರಿಯ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಗಾಜಿನ ಬಾಟಲಿಗೆ ಮುಕ್ಕಾಲು ಭಾಗ ನೀರು ತುಂಬಿ, ಅಲುಗಾಡಿಸದೆ ಒಂದು ರಾತ್ರಿ ತಂಪಾದ ಜಾಗದಲ್ಲಿಡಿ. ಬೆಳಗ್ಗೆ ಹಸಿರು ತಳಕ್ಕೆ ಕೂತಿದ್ದರೆ ಸಾಮಾನ್ಯ ಪಾಚಿ. ಕತ್ತಿನ ಹತ್ತಿರ ಕೆನೆ ಕಟ್ಟಿದ್ದರೆ ನೀಲಿ-ಹಸಿರು ಪಾಚಿ ಎಂದೇ ನಡೆಯಿರಿ. ಅದರ ಕೋಶದೊಳಗೆ ಗಾಳಿಚೀಲಗಳಿರುತ್ತವೆ, ಹಾಗಾಗಿ ತೇಲುತ್ತದೆ. ವಿಷ ಇದೆಯೇ, ಎಷ್ಟಿದೆ ಎಂಬುದನ್ನು ಈ ಬಾಟಲಿ ಹೇಳುವುದಿಲ್ಲ. ಒಂದೇ ಜಾತಿಯ ಪಾಚಿಯಲ್ಲಿ ವಿಷ ಮಾಡುವ ತಳಿಯೂ ಇದೆ, ಮಾಡದ ತಳಿಯೂ ಇದೆ. ಕಣ್ಣಿಗಾಗಲಿ ಸೂಕ್ಷ್ಮದರ್ಶಕಕ್ಕಾಗಲಿ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಚೆನ್ನಾಗಿ ಕುದಿಸಿದರೆ ಸಾಲದೆ?

ಸಾಲದು, ಕೆಡುಕೇ ಹೆಚ್ಚು. ಮೈಕ್ರೋಸಿಸ್ಟಿನ್ ಎಂಬ ವಿಷ ಏಳು ಅಮೈನೋ ಆಮ್ಲಗಳ ಬಿಗಿಯಾದ ಉಂಗುರ. ಕುದಿಯುವ ನೀರಿನಲ್ಲಿ ಅದು ಮುರಿಯುವುದಿಲ್ಲ. ಕೋಶಗಳು ಒಡೆದು ಒಳಗಿನ ವಿಷ ನೀರಿಗಿಳಿಯುತ್ತದೆ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರಕ್ಕೆ ಈರಿ ಸರೋವರದಿಂದ ಬರುವ ನೀರಿನಲ್ಲಿ ಈ ವಿಷ ಸಿಕ್ಕಾಗ, ಸುಮಾರು 4 ಲಕ್ಷಕ್ಕೂ ಹೆಚ್ಚು ಜನರಿಗೆ ಕೊಟ್ಟ ಸೂಚನೆಯಲ್ಲಿ ‘ಕುಡಿಯಬೇಡಿ’ ಎಂಬುದರ ಜತೆಗೆ ‘ಕುದಿಸಬೇಡಿ’ ಎಂದೂ ಇತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ: ಜೀವನಪೂರ್ತಿ ಕುಡಿಯುವ ನೀರಿಗೆ ಲೀಟರಿಗೆ 1 ಮೈಕ್ರೋಗ್ರಾಂ, ಸ್ವಲ್ಪ ದಿನಗಳ ಮಟ್ಟಿಗೆ 12, ಈಜುವಂಥ ನೀರಿಗೆ 24. ವಿಷ ನೇರವಾಗಿ ಈಲಿಗೆ, ಅಂದರೆ ಲಿವರ್‌ಗೆ ಹೋಗುತ್ತದೆ.

ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದರೆ ಎರಡು ದಿನದಲ್ಲಿ ನೀರು ತಿಳಿಯಾಗುತ್ತದಲ್ಲ?

ತಿಳಿಯಾಗುತ್ತದೆ. ಆದರೆ ಕಣ್ಣಿಗೆ ಕಾಣುತ್ತಿದ್ದ ಅಪಾಯ ಕಾಣದಂತಾಗುತ್ತದೆ, ಅಷ್ಟೆ. ಬೆಳೆಯುತ್ತಿರುವ ಪಾಚಿಯಲ್ಲಿ ಮೈಕ್ರೋಸಿಸ್ಟಿನ್‌ನ ಬಹುಪಾಲು, ಸಾಮಾನ್ಯವಾಗಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು, ಕೋಶದ ಒಳಗೇ ಇರುತ್ತದೆ. ಕೋಶ ಗಟ್ಟಿಯಾಗಿರುವಾಗಲೇ ತೆಗೆದರೆ ವಿಷವೂ ಅದರ ಜತೆ ಹೋಗುತ್ತದೆ. ಸಾಯಿಸಿದರೆ ವಿಷ ನೀರಿನಲ್ಲಿ ಕರಗುತ್ತದೆ, ಮರಳಿನ ಸೋಸುಗ ಅದನ್ನು ಹಿಡಿಯುವುದಿಲ್ಲ. ಆಸ್ಟ್ರೇಲಿಯದ ಪಾಮ್ ದ್ವೀಪದಲ್ಲಿ 1979ರಲ್ಲಿ ಆದದ್ದು ಇದೇ. ಅಣೆಕಟ್ಟಿನ ಪಾಚಿಗೆ ಮೈಲುತುತ್ತ ಹಾಕಿದ ಕೆಲ ದಿನಗಳಲ್ಲಿ 148 ಜನ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು. ಅಲ್ಲಿಯ ಪಾಚಿ ಬೇರೆ, ವಿಷವೂ ಬೇರೆ, ಸಿಲಿಂಡ್ರೋಸ್ಪರ್ಮಾಪ್ಸಿನ್. ಪಾಠ ಮಾತ್ರ ಒಂದೇ.

ಆದ್ದರಿಂದ ಇಲ್ಲಿ ಹೇಳುವ ಎಲ್ಲದರ ಬೆನ್ನೆಲುಬು ಕ್ರಮ: ಮೊದಲು ಕೋಶ ಒಡೆಯದಂತೆ ಹೊರಗೆ, ಆಮೇಲೆ ಕರಗಿದ ವಿಷದ ನಾಶ. ವಿದ್ಯುತ್ತಿನಿಂದ ಎರಡೂ ಸಾಧ್ಯ. ಎರಡನ್ನೂ ಒಂದೇ ತೊಟ್ಟಿಯಲ್ಲಿ ಒಟ್ಟಿಗೆ ಮಾಡಹೊರಟವರೇ ಹೆಚ್ಚಾಗಿ ಕೈಸುಟ್ಟುಕೊಳ್ಳುವುದು.

ಮಾರುಕಟ್ಟೆಯಲ್ಲಿ ಸಿಗುವ ತಾಮ್ರದ ‘ಅಯೋನೈಸರ್’ ಕೂಡ ವಿದ್ಯುತ್ತಿನದೇ ಅಲ್ಲವೇ?

ಹೌದು, ಅದು ವಿದ್ಯುತ್ತಿನಿಂದ ನಡೆಯುವ ಮೈಲುತುತ್ತ. ಮೇಲಿನ ಉತ್ತರವೇ ಅದಕ್ಕೂ.

ಹಾಗಾದರೆ ವಿದ್ಯುತ್ ಮಾಡುವ ಕೆಲಸವೇನು?

ಮೊದಲ ಹಂತದಲ್ಲಿ ಅಲ್ಯೂಮಿನಿಯಂ ಪ್ಲೇಟುಗಳನ್ನು ನೀರಿನಲ್ಲಿ ಮುಳುಗಿಸಿ ಡಿಸಿ ಕರೆಂಟ್ ಹರಿಸುತ್ತೇವೆ. ಆನೋಡ್ (ಧನ) ಪ್ಲೇಟ್ ಕರಗಿ ಅಲ್ಯೂಮಿನಿಯಂ ನೀರಿಗಿಳಿದು, ಹತ್ತಿಯಂಥ ಹೈಡ್ರಾಕ್ಸೈಡ್ ಆಗಿ ಪಾಚಿಯನ್ನು ಬಾಚಿಕೊಳ್ಳುತ್ತದೆ. ಕ್ಯಾಥೋಡ್ (ಋಣ) ಪ್ಲೇಟಿನಲ್ಲಿ ಹೈಡ್ರೋಜನ್‌ನ ಅತಿ ಸಣ್ಣ ಗುಳ್ಳೆಗಳೆದ್ದು ಆ ಮುದ್ದೆಯನ್ನು ಮೇಲಕ್ಕೆತ್ತುತ್ತವೆ. ಮೊದಲೇ ತೇಲುವ ಪಾಚಿಯನ್ನು ತಳಕ್ಕೆ ಕೂರಿಸಲು ಒದ್ದಾಡುವ ಬದಲು ತೇಲಿಸಿಯೇ ತೆಗೆಯುವುದು ಇದರ ಜಾಣತನ.

ಎರಡನೆಯ ಹಂತದಲ್ಲಿ, ಸೋಸಿದ ನೀರಿನಲ್ಲಿ ಉಳಿದ ವಿಷವನ್ನು ಉತ್ಕರ್ಷಣದಿಂದ (ಆಕ್ಸಿಡೇಶನ್) ಮುರಿಯುತ್ತೇವೆ: ವಿದ್ಯುತ್ತಿನಿಂದ ತಯಾರಾದ ಕ್ಲೋರಿನ್ನಿನಿಂದ, ಇಲ್ಲವೇ ವಜ್ರಲೇಪದ ಆನೋಡ್‌ನ ಮೈಮೇಲೆ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಿಂದ.

ಪಟಿಕ ಹಾಕಿದರೂ ಅಲ್ಯೂಮಿನಿಯಂ ತಾನೇ ಸಿಗುವುದು?

ನಿಜ. ದೊಡ್ಡ ಘಟಕದಲ್ಲಿ ಪಟಿಕ, ತೇಲಿಸುವ ತೊಟ್ಟಿ, ಮರಳು ಸೋಸುಗ ಸರಿಯಾಗಿ ನಡೆಯುತ್ತಿದ್ದರೆ ಮೊದಲ ಹಂತಕ್ಕೆ ವಿದ್ಯುತ್ತಿನ ಹಂಗೇ ಬೇಡ. ಅಂಥವರು ನೇರವಾಗಿ ಎರಡನೆಯ ಹಂತದ ಬಗ್ಗೆ ಯೋಚಿಸಲಿ. ಪಟಿಕ ನೀರಿನ ಕ್ಷಾರತೆಯನ್ನು ತಿನ್ನುತ್ತದೆ, ಸಲ್ಫೇಟ್ ಸೇರಿಸುತ್ತದೆ, ಗುಳ್ಳೆ ಕೊಡುವುದಿಲ್ಲ. ತೇಲಿಸುವ ವ್ಯವಸ್ಥೆಯಿಲ್ಲದ ಸಣ್ಣ ಜಾಗಗಳಲ್ಲಿ ಪ್ಲೇಟುಗಳು ಗೆಲ್ಲುವುದು ಈ ಕಾರಣಗಳಿಗೆ.

1,000 ಲೀಟರಿಗೆ ಏನೇನು ಬೇಕು?

- ಮೇಲ್ಭಾಗ ಪೂರ್ತಿ ತೆರೆದಿರುವ 1,000 ಲೀಟರಿನ ಪ್ಲಾಸ್ಟಿಕ್ ಅಥವಾ ಫೈಬರ್ ತೊಟ್ಟಿ. ತಳದಿಂದ 15 ಸೆಂ.ಮೀ. ಮೇಲೆ ಒಂದು ನಲ್ಲಿ, ತಳದಲ್ಲೇ ಗಸಿ ಬಿಡಲು ಇನ್ನೊಂದು.
- 30 × 40 ಸೆಂ.ಮೀ. ಅಳತೆಯ, 3 ಮಿ.ಮೀ. ದಪ್ಪದ 9 ಅಲ್ಯೂಮಿನಿಯಂ ಪ್ಲೇಟುಗಳು. 1050 ಅಥವಾ 1100 ದರ್ಜೆಯ ಶುದ್ಧ ಅಲ್ಯೂಮಿನಿಯಂ ಕೇಳಿ ತನ್ನಿ. ಗುಜರಿಯ ಪಾತ್ರೆ, ಕಿಟಕಿ ಫ್ರೇಮು ಬೇಡ. ಅದರಲ್ಲಿ ಬೆರೆತ ಲೋಹ ಯಾವುದೋ, ಅದೆಲ್ಲ ನೀರಿಗೆ ಬರುತ್ತದೆ.
- ನೈಲಾನ್ ಬೋಲ್ಟ್, ಪ್ಲೇಟುಗಳ ನಡುವೆ 10 ಮಿ.ಮೀ. ಅಂತರಕ್ಕೆ ಪ್ಲಾಸ್ಟಿಕ್ ತುಂಡುಗಳು.
- 0–30 ವೋಲ್ಟ್, 30 ಆಂಪಿಯರ್ ಡಿಸಿ ರೆಕ್ಟಿಫೈಯರ್. ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಗಳಲ್ಲಿ ಇರುವಂಥದ್ದೇ. ಕರೆಂಟನ್ನು ಸ್ಥಿರವಾಗಿ ಹಿಡಿದಿಡುವ ಸೌಲಭ್ಯ ಇರಲೇಬೇಕು.
- ಧನ-ಋಣ ಅದಲುಬದಲು ಮಾಡುವ ಸ್ವಿಚ್, 6 ಚದರ ಮಿ.ಮೀ. ತಾಮ್ರದ ತಂತಿ.
- ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣ) ಮೀಟರ್, ವಾಹಕತೆ (ನೀರು ಎಷ್ಟು ಸುಲಭವಾಗಿ ಕರೆಂಟ್ ಹರಿಸುತ್ತದೆ) ಮೀಟರ್, ನೀರಿನ ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್.

ಪ್ಲೇಟುಗಳನ್ನು ಒಂದು ಬಿಟ್ಟು ಒಂದಕ್ಕೆ ಧನ, ಋಣ ಜೋಡಿಸಿ: 5 ಕ್ಯಾಥೋಡ್‌ಗಳ ನಡುವೆ 4 ಆನೋಡ್. ನಾಲ್ಕರ ಎರಡೂ ಮುಖ ಸೇರಿ 9,600 ಚದರ ಸೆಂ.ಮೀ. 30 ಆಂಪಿಯರ್ ಹರಿದರೆ ಚದರ ಸೆಂ.ಮೀ.ಗೆ ಸುಮಾರು 3 ಮಿಲಿಆಂಪಿಯರ್. ಮೊದಲ ಹಂತಕ್ಕೆ 2ರಿಂದ 5 ಸಾಕು, ಅದಕ್ಕಿಂತ ಏರಿಸಬೇಡಿ. ಕಟ್ಟನ್ನು ತೊಟ್ಟಿಯ ತಳಭಾಗದಲ್ಲಿ, ಪ್ಲೇಟುಗಳು ನೆಟ್ಟಗೆ ನಿಲ್ಲುವಂತೆ ಇಡಿ. ಗುಳ್ಳೆಗಳು ಮೇಲೇರುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ, ಬೇರೆ ಕಲಕುವ ಯಂತ್ರ ಬಹುಪಾಲು ಬೇಕಾಗುವುದಿಲ್ಲ. ಪ್ಲೇಟಿನಿಂದ ಅಲ್ಯೂಮಿನಿಯಂ ಪಟ್ಟಿಯನ್ನೇ ನೀರಿನ ಮೇಲಕ್ಕೆ ತಂದು ಅಲ್ಲಿ ತಂತಿ ಕಟ್ಟಿ. ತಾಮ್ರ ನೀರಿಗೆ ತಾಗಿದರೆ ಅದೇ ಮೊದಲು ಕರಗುತ್ತದೆ.

ಎಷ್ಟು ಹೊತ್ತು ಓಡಿಸಬೇಕು?

ಗಂಟೆ ಎಣಿಸಬೇಡಿ, ಆಂಪಿಯರ್-ಗಂಟೆ ಎಣಿಸಿ. ಫ್ಯಾರಡೆ ನಿಯಮದಂತೆ 1 ಆಂಪಿಯರ್-ಗಂಟೆಗೆ 0.336 ಗ್ರಾಂ ಅಲ್ಯೂಮಿನಿಯಂ ಕರಗುತ್ತದೆ. ಲೀಟರಿಗೆ 20 ಮಿ.ಗ್ರಾಂ. ಬೇಕೆಂದರೆ 1,000 ಲೀಟರಿಗೆ 20 ಗ್ರಾಂ, ಅಂದರೆ 60 ಆಂಪಿಯರ್-ಗಂಟೆ: 30 ಆಂಪಿಯರ್‌ನಲ್ಲಿ 2 ಗಂಟೆ. ಸೋಲಾರ್ ಪ್ಯಾನೆಲ್‌ನಿಂದ ನೇರವಾಗಿ ಓಡಿಸುವವರಿಗೆ ಇದು ಇನ್ನೂ ಮುಖ್ಯ. ಮೋಡ ಬಂದಾಗ ಕರೆಂಟ್ ಕುಸಿದಿರುತ್ತದೆ, ಗಡಿಯಾರ ಮಾತ್ರ ಓಡುತ್ತಿರುತ್ತದೆ.

20 ಎಂಬುದು ಲೆಕ್ಕ ಶುರುಮಾಡಲು ಮಾತ್ರ. ನಿಮ್ಮ ನೀರಿಗೆ ಎಷ್ಟೆಂದು ನಾಲ್ಕು ಬಕೆಟ್ಟಿನಲ್ಲಿ ನೋಡಿ. 10 ಲೀಟರ್ ನೀರು, 18 × 18 ಸೆಂ.ಮೀ. ಪ್ಲೇಟು ಮೂರು (ನಡುವಿನದು ಆನೋಡ್), 2 ಆಂಪಿಯರ್. 9 ನಿಮಿಷಕ್ಕೆ ಲೀಟರಿಗೆ 10 ಮಿ.ಗ್ರಾಂ., 18ಕ್ಕೆ 20, 27ಕ್ಕೆ 30, 36ಕ್ಕೆ 40. ಅರ್ಧ ಗಂಟೆ ಬಿಟ್ಟು ಬಕೆಟ್ಟಿನ ಮಧ್ಯದಿಂದ ಪೈಪಿನಲ್ಲಿ ನೀರೆಳೆದು ನೋಡಿ. ಯಾವುದರಿಂದಾಚೆಗೆ ತಿಳಿತನ ಹೆಚ್ಚುವುದಿಲ್ಲವೋ ಅದೇ ನಿಮ್ಮ ಪ್ರಮಾಣ. ಕಣ್ಣಿನ ಬದಲು ಬಗ್ಗಡ ಅಳೆಯುವ ಮೀಟರ್ ಇದ್ದರೆ ಮತ್ತೂ ಒಳ್ಳೆಯದು.

ಕರೆಂಟ್ ಖರ್ಚು?

ನೀರಿನ ವಾಹಕತೆ ಎಷ್ಟೆಂಬುದರ ಮೇಲೆ. ಬಯಲುಸೀಮೆಯ ಕೆರೆಯಲ್ಲಿ 600 ಮೈಕ್ರೋಸೀಮೆನ್ಸ್ ಇದ್ದರೆ ಮೇಲಿನ ಜೋಡಣೆಗೆ ಸುಮಾರು 7 ವೋಲ್ಟ್ ಸಾಕು. 30 ಆಂಪಿಯರ್‌ಗೆ 210 ವಾಟ್, ಎರಡು ಗಂಟೆಗೆ 0.42 ಯೂನಿಟ್. ಮಲೆನಾಡಿನ ಮಳೆನೀರಿನ ಹೊಂಡದಲ್ಲಿ 100 ಇದ್ದರೆ ಅಷ್ಟೇ ಕರೆಂಟ್ ಹರಿಸಲು 30 ವೋಲ್ಟ್ ದಾಟಬೇಕು, ಖರ್ಚು 2 ಯೂನಿಟ್ ಮುಟ್ಟುತ್ತದೆ. ಆಗ ಪ್ಲೇಟುಗಳ ಅಂತರವನ್ನು 5 ಮಿ.ಮೀ.ಗೆ ಇಳಿಸಿ, ಇಲ್ಲವೇ ಕರೆಂಟನ್ನು ಅರ್ಧ ಮಾಡಿ ಹೊತ್ತನ್ನು ಎರಡು ಪಟ್ಟು ಮಾಡಿ. ಎರಡರಲ್ಲಿ ಯಾವುದನ್ನು ಮಾಡಿದರೂ ನೀರಿನ ಪ್ರತಿರೋಧಕ್ಕೆ ಹೋಗುವ ಖರ್ಚು ಅರ್ಧಕ್ಕಿಳಿಯುತ್ತದೆ.

ಸ್ವಲ್ಪ ಉಪ್ಪು ಹಾಕಿದರೆ ವೋಲ್ಟ್ ಇಳಿಯುವುದಿಲ್ಲವೇ?

ಇಳಿಯುತ್ತದೆ. ಆದರೆ ಮೊದಲ ಹಂತದಲ್ಲಿ ಉಪ್ಪು ಬೇಡವೇ ಬೇಡ. ಕ್ಲೋರೈಡ್ ಹೆಚ್ಚಾದಷ್ಟೂ ಆನೋಡ್‌ನಲ್ಲಿ ಕ್ಲೋರಿನ್ ಹುಟ್ಟುವ ಅವಕಾಶ ಹೆಚ್ಚು. ಕ್ಲೋರಿನ್ ಪಾಚಿಯನ್ನು ತೆಗೆಯುವ ಮೊದಲೇ ಒಡೆಯುತ್ತದೆ, ಆಗ ಮೈಲುತುತ್ತದ ಕಥೆಯೇ ಮರುಕಳಿಸುತ್ತದೆ. ವಾಹಕತೆ ಹೆಚ್ಚಿಸಲೇಬೇಕಿದ್ದರೆ ಸೋಡಿಯಂ ಸಲ್ಫೇಟ್ ಬಳಸಿ.

ಕೋಶ ಒಡೆಯುತ್ತಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತೊಂದಿದೆ. ತೊಟ್ಟಿಯ ನಡುವಿನ ನೀರನ್ನು ಬಿಳಿ ಪಿಂಗಾಣಿ ಬಟ್ಟಲಿಗೆ ಹಿಡಿಯಿರಿ. ಕೋಶ ಗಟ್ಟಿಯಾಗಿದ್ದರೆ ಹಸಿರು ಚೂರುಗಳು, ಅವುಗಳ ನಡುವೆ ಬಣ್ಣವಿಲ್ಲದ ನೀರು. ನೀರೇ ತೆಳು ನೀಲಿಗೆ, ಬಟ್ಟೆಗೆ ನೀಲಿ ಹಾಕಿದ ಬಕೆಟ್ಟಿನ ಕೊನೆಯ ನೀರಿನ ಹಾಗೆ ತಿರುಗಿದ್ದರೆ ಕೋಶ ಒಡೆದಿದೆ. ಆ ನೀಲಿ ಫೈಕೋಸಯಾನಿನ್, ಕೋಶದೊಳಗಿನ ವರ್ಣದ್ರವ್ಯ. ಅದು ಹೊರಬಂದಿದೆಯೆಂದರೆ ವಿಷವೂ ಹೊರಬಂದಿದೆ. ಅಷ್ಟಕ್ಕೇ ನಿಲ್ಲಿಸಿ ಕರೆಂಟ್ ಇಳಿಸಿ.

ಒಂದು ಸಲದ ಕೆಲಸ ಹೇಗೆ ಸಾಗಬೇಕು?

ನೀರನ್ನು ಬೆಳಗ್ಗೆ 6ರಿಂದ 8ರೊಳಗೆ ಎತ್ತಿ. ಹಗಲಿಡೀ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಮಧ್ಯಾಹ್ನಕ್ಕೆ ಪಿಎಚ್ 9–10ಕ್ಕೆ ಏರಿರುತ್ತದೆ, ಬೆಳಗ್ಗೆ ಇಳಿದಿರುತ್ತದೆ. ಗಾಳಿಯಿಲ್ಲದ ಬೆಳಗಿನಲ್ಲಿ ಕೆನೆ ಮೇಲೆ ನಿಂತಿರುವುದರಿಂದ ಪೈಪಿನ ಬಾಯಿ ಮೇಲ್ಮೈಯಿಂದ ಒಂದು–ಒಂದೂವರೆ ಮೀಟರ್ ಕೆಳಗಿರಲಿ, ಕೆಸರಿಗೆ ತಾಗದಿರಲಿ. ಪಂಪಿನ ವಾಲ್ವನ್ನು ಅರ್ಧ ಮುಚ್ಚಿ ಓಡಿಸಬೇಡಿ, ಕಿರಿದಾದ ಸಂದಿಯಲ್ಲಿ ಪಾಚಿ ಜಜ್ಜಿಹೋಗುತ್ತದೆ.

ಪಿಎಚ್ 6.5ರಿಂದ 7.5ರ ನಡುವೆ ಮುದ್ದೆ ಚೆನ್ನಾಗಿ ಕಟ್ಟುತ್ತದೆ. 8.5 ದಾಟಿದರೆ ಅಲ್ಯೂಮಿನಿಯಂ ಮುದ್ದೆಯಾಗದೆ ನೀರಿನಲ್ಲೇ ಕರಗಿ ಉಳಿಯುತ್ತದೆ. ಇಳಿಸಲು ಸ್ವಲ್ಪ ಪಟಿಕವನ್ನೇ ಹಾಕಬಹುದು, 20–30 ಗ್ರಾಂನಿಂದ ಶುರುಮಾಡಿ ಮೀಟರ್ ನೋಡಿ. ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಬೇಡಿ. ಸಿಟ್ರೇಟ್ ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಷ್ಟು ಹೊತ್ತು ಓಡಿಸಿದರೂ ಮುದ್ದೆ ಕಟ್ಟುವುದಿಲ್ಲ.

30 ಆಂಪಿಯರ್‌ಗೆ ಇಟ್ಟು ಓಡಿಸಿ, 20 ನಿಮಿಷಕ್ಕೊಮ್ಮೆ ಧನ-ಋಣ ಬದಲಿಸಿ. ಮೇಲೆ ಮೊದಲು ಬಿಳಿ ನೊರೆ, ಆಮೇಲೆ ಪುದೀನ ಚಟ್ನಿಯಂಥ ದಪ್ಪ ಕೆನೆ ಬರುತ್ತದೆ. ಕರೆಂಟ್ ನಿಲ್ಲಿಸಿದ ಅರ್ಧ ಗಂಟೆಯೊಳಗೆ ಅಗಲ ಹಲಗೆಯಿಂದ ಒಂದೇ ದಿಕ್ಕಿಗೆ ಎಳೆದು ತೆಗೆಯಿರಿ. ತಡಮಾಡಿದರೆ ಗುಳ್ಳೆ ಒಡೆದು ಮುದ್ದೆ ಮತ್ತೆ ಮುಳುಗುತ್ತದೆ. ನಂತರ 45 ನಿಮಿಷ ಬಿಟ್ಟು ಮೇಲಿನ ನಲ್ಲಿಯಿಂದ ನೀರು ತೆಗೆದು ಮರಳಿನ ಸೋಸುಗಕ್ಕೆ ಹಾಯಿಸಿ. 50 ಸೆಂ.ಮೀ. ವ್ಯಾಸದ ಡ್ರಮ್ಮಿನಲ್ಲಿ 60 ಸೆಂ.ಮೀ. ಮರಳು, ಗಂಟೆಗೆ 1,000 ಲೀಟರ್ ಮೀರದಿರಲಿ. ಸೋಸುಗ ತೊಳೆದ ನೀರನ್ನು ಮರಳಿ ತೊಟ್ಟಿಗೆ ಬಿಡಬೇಡಿ, ಅದರಲ್ಲಿ ಒಡೆದ ಕೋಶಗಳಿರುತ್ತವೆ.

ಸ್ಟೀಲ್ ಪ್ಲೇಟ್ ತುಕ್ಕು ಹಿಡಿಯುವುದಿಲ್ಲ, ಅದನ್ನೇ ಬಳಸಬಾರದೇ?

ಆನೋಡ್ ಆಗಿ ಬಳಸಬಾರದು. ಗಾಳಿಯಲ್ಲಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಆನೋಡ್ ಆದಾಗ ಕರಗಿ ಕ್ರೋಮಿಯಂ, ನಿಕ್ಕಲ್ ಬಿಡುತ್ತದೆ. ಕ್ರೋಮಿಯಂ ಅತ್ಯಂತ ವಿಷಕಾರಿಯಾದ ಕ್ರೋಮಿಯಂ-6 (ಹೆಕ್ಸಾವೇಲೆಂಟ್) ರೂಪದಲ್ಲೂ ಬರಬಹುದು. ಚಮಚ, ತಟ್ಟೆ ಮುಳುಗಿಸಿ ‘ನೀರಿನ ಕೊಳೆ’ ತೋರಿಸುವ ಪ್ರದರ್ಶನಗಳಲ್ಲಿ ಏಳುವ ಕಂದು ಗಸಿ ಬಹುಮಟ್ಟಿಗೆ ಆ ಚಮಚದ್ದೇ.

ಮೆದು ಕಬ್ಬಿಣ ಅಗ್ಗ, ಆಂಪಿಯರ್-ಗಂಟೆಗೆ 1.04 ಗ್ರಾಂ ಕರಗುತ್ತದೆ. ತೊಂದರೆಯೆಂದರೆ ಅದು ಮೊದಲು ಫೆರಸ್ ಆಗಿ ಇಳಿಯುತ್ತದೆ, ಮುದ್ದೆಯಾಗಲು ಆಮ್ಲಜನಕ ಬೇಕು. ಪಾಚಿ ತುಂಬಿದ ನೀರಿನಲ್ಲಿ ಬೆಳಗಿನ ಹೊತ್ತು ಆಮ್ಲಜನಕವೇ ಕಡಿಮೆ. ತಿಳಿಯಾಗಿ ಹೊರಟ ನೀರು ಮೇಲಿನ ಟ್ಯಾಂಕಿನಲ್ಲಿ ಹಳದಿಯಾಗುವುದು ಹೀಗೆ.

ವೋಲ್ಟ್ ದಿನದಿಂದ ದಿನಕ್ಕೆ ಏರುತ್ತಿದೆ. ಯಾಕೆ?

ಕ್ಯಾಥೋಡ್ ಮೇಲೆ ಸುಣ್ಣ ಕಟ್ಟಿದೆ, ಆನೋಡ್ ಮೇಲೆ ಆಕ್ಸೈಡ್ ಪದರ ಕೂತಿದೆ. ಧನ-ಋಣ ಬದಲಿಸುವುದನ್ನು ಮರೆತಿದ್ದರೆ ಒಂದು ವಾರ ಸಾಕು. ಪ್ಲೇಟುಗಳನ್ನು ಹೊರತೆಗೆದು ದುರ್ಬಲ ಆಮ್ಲದಲ್ಲಿ ಹತ್ತು ನಿಮಿಷ ನೆನೆಸಿ, ಪ್ಲಾಸ್ಟಿಕ್ ಬ್ರಷ್ಷಿನಿಂದ ಉಜ್ಜಿ, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನಿಂಬೆ ಉಪ್ಪಿಗೆ ಕೆಲಸ ಇರುವುದು ಇಲ್ಲಿ.

ವೋಲ್ಟ್ ಏರದೆ ಮುದ್ದೆ ಮಾತ್ರ ಕಡಿಮೆಯಾಗಿದ್ದರೆ ಎರಡು ಪ್ಲೇಟುಗಳು ಒಂದಕ್ಕೊಂದು ತಾಗಿರಬಹುದು. ಕರೆಂಟ್ ಲೋಹದಿಂದ ಲೋಹಕ್ಕೆ ಹರಿಯುತ್ತಿರುತ್ತದೆ, ನೀರಿನಲ್ಲಿ ಏನೂ ಆಗುತ್ತಿರುವುದಿಲ್ಲ. ಪ್ಲೇಟು ತೂಗಿ ನೋಡುವುದು ಇನ್ನೊಂದು ಒಳ್ಳೆಯ ಅಭ್ಯಾಸ. ಹೊಸ ಪ್ಲೇಟು ಸುಮಾರು 970 ಗ್ರಾಂ. ಅರ್ಧಕ್ಕಿಳಿದರೆ ಬದಲಿಸಿ, ಇಲ್ಲದಿದ್ದರೆ ತೂತು ಬಿದ್ದು ಚೂರುಗಳು ಸಂದಿಗೆ ಬೀಳುತ್ತವೆ. ತೂಕದ ಇಳಿಕೆ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಗಾಬರಿ ಬೇಡ. ಕ್ಯಾಥೋಡ್ ಪಕ್ಕದ ಕ್ಷಾರದಲ್ಲಿ ಅಲ್ಯೂಮಿನಿಯಂ ವಿದ್ಯುತ್ತಿಲ್ಲದೆಯೂ ಕರಗುತ್ತದೆ.

ಎರಡನೆಯ ಹಂತದಲ್ಲಿ ವಿಷ ಮುರಿಯಲು ಯಾವುದು ಒಳ್ಳೆಯದು?

ಸಣ್ಣ ಘಟಕಕ್ಕೆ ನಮ್ಮ ಒಲವು ಉಪ್ಪುನೀರಿನ ಪ್ರತ್ಯೇಕ ಕೋಶದ ಕಡೆಗೆ (ಇಲ್ಲಿ ಕೋಶವೆಂದರೆ ಪಾಚಿಯದ್ದಲ್ಲ, ಎಲೆಕ್ಟ್ರೋಡ್‌ಗಳಿರುವ ಪೆಟ್ಟಿಗೆ). ಇಡೀ ನೀರನ್ನು ಎಲೆಕ್ಟ್ರೋಡ್ ಮೇಲೆ ಹಾಯಿಸುವ ಬದಲು, ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ಸ್ವಲ್ಪ ನೀರನ್ನು ಟೈಟಾನಿಯಂ ಮೇಲೆ ರುಥೇನಿಯಂ-ಇರಿಡಿಯಂ ಆಕ್ಸೈಡ್ ಬಳಿದ ಆನೋಡ್ ಇರುವ ಕೋಶದಲ್ಲಿ ಓಡಿಸಿ. ಸುಮಾರು 0.8 ಶೇಕಡಾ ಹೈಪೋಕ್ಲೋರೈಟ್ ಸಿಗುತ್ತದೆ. ಒಂದು ಕಿಲೋ ಕ್ಲೋರಿನ್‌ಗೆ ಮೂರು–ಮೂರೂವರೆ ಕಿಲೋ ಉಪ್ಪು, ಹತ್ತಿರಹತ್ತಿರ 5 ಯೂನಿಟ್. 1,000 ಲೀಟರಿಗೆ ಲೀಟರಿಗೆ 4 ಮಿ.ಗ್ರಾಂ.ನಂತೆ 4 ಗ್ರಾಂ ಕ್ಲೋರಿನ್ ಬೇಕೆಂದರೆ ಈ ದ್ರಾವಣ ಅರ್ಧ ಲೀಟರ್, ಕರೆಂಟ್ ಒಂದು ಯೂನಿಟ್ಟಿನ ಐವತ್ತರಲ್ಲೊಂದು ಪಾಲು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ: ಪಿಎಚ್ 8ಕ್ಕಿಂತ ಕೆಳಗೆ, 30 ನಿಮಿಷದ ನಂತರವೂ ಲೀಟರಿಗೆ 0.5 ಮಿ.ಗ್ರಾಂ. ಮುಕ್ತ ಕ್ಲೋರಿನ್ (ಅಮೋನಿಯದಂಥವುಗಳ ಜತೆ ಸೇರದೆ ಉಳಿದದ್ದು) ಉಳಿದಿರಬೇಕು. ಪಾಚಿ ನೀರಿಗೆ ಅದು ಬಿಗಿಯಾದ ಲೆಕ್ಕ. ಒಂದು ಗಂಟೆ ಬಿಡಿ, ಕೊನೆಯಲ್ಲಿ 1 ಮಿ.ಗ್ರಾಂ. ಉಳಿಯುವಂತೆ ನೋಡಿಕೊಳ್ಳಿ. ಪಿಎಚ್ ಮಾತ್ರ ಮರೆಯಬೇಡಿ. 9ರಲ್ಲಿ ಅದೇ ಕ್ಲೋರಿನ್ 7ರಲ್ಲಿ ಮಾಡುವ ಕೆಲಸಕ್ಕೆ ಹಲವು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ, ಪಿಎಚ್ ಏರಿದಷ್ಟೂ ಹೈಪೋಕ್ಲೋರಸ್ ಆಮ್ಲ ಕಡಿಮೆಯಾಗುವುದರಿಂದ.

ಕಲ್ಲುಪ್ಪು ಬೇಡ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಯಾಥೋಡ್‌ಗೆ ಕಟ್ಟುತ್ತವೆ, ಬ್ರೋಮೈಡ್ ಬ್ರೋಮೇಟ್ ಆಗುತ್ತದೆ. ಅಯೋಡಿನ್ ಇಲ್ಲದ ಶುದ್ಧೀಕರಿಸಿದ ಉಪ್ಪು ತನ್ನಿ, ಕರಗಿಸಲು ಮೆದು ನೀರು ಬಳಸಿ. ಮಾಡಿದ ದ್ರಾವಣವನ್ನು ಒಂದೆರಡು ದಿನದಲ್ಲಿ ಮುಗಿಸಿ. ಇಟ್ಟಷ್ಟೂ ಕ್ಲೋರೇಟ್ ಆಗಿ ಕೆಡುತ್ತದೆ.

ಎಲ್ಲ ಪಾಚಿವಿಷಕ್ಕೂ ಕ್ಲೋರಿನ್ ನಡೆಯುತ್ತದೆಯೇ?

ಮೈಕ್ರೋಸಿಸ್ಟಿನ್, ಸಿಲಿಂಡ್ರೋಸ್ಪರ್ಮಾಪ್ಸಿನ್‌ಗೆ ನಡೆಯುತ್ತದೆ. ನರಗಳ ಮೇಲೆ ಕೆಲಸ ಮಾಡುವ ಅನಟಾಕ್ಸಿನ್-ಎ ಕ್ಲೋರಿನ್‌ಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅಮೋನಿಯ ಸೇರಿ ಕ್ಲೋರಮೈನ್ ಆದರೆ ಯಾವುದಕ್ಕೂ ಉಪಯೋಗವಿಲ್ಲ. ಕೊಳಚೆ ಸೇರುವ ಕೆರೆಯಲ್ಲಿ ಅಮೋನಿಯ ಇದ್ದೇ ಇರುತ್ತದೆ, ಆದ್ದರಿಂದ ಕಿಟ್‌ನಲ್ಲಿ ಒಟ್ಟು ಕ್ಲೋರಿನ್ ನೋಡಿ ನೆಮ್ಮದಿಪಡಬೇಡಿ. ಮುಕ್ತ ಕ್ಲೋರಿನ್ ಎಷ್ಟೆಂದು ನೋಡಿ.

ವಜ್ರಲೇಪದ ಆನೋಡ್ ಎಲ್ಲಕ್ಕಿಂತ ಮೇಲು ಎನ್ನುತ್ತಾರಲ್ಲ?

ಮುರಿಯುವ ಶಕ್ತಿಯಲ್ಲಿ ಹೌದು. ಬೋರಾನ್ ಬೆರೆಸಿದ ವಜ್ರದ ತೆಳುಪದರದ ಮೇಲೆ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮೈಕ್ರೋಸಿಸ್ಟಿನ್‌ನ ಉಂಗುರವನ್ನೂ ಅದರ ಬಾಲದಂಥ ಆಡ್ಡಾ ಭಾಗವನ್ನೂ ಕತ್ತರಿಸುತ್ತದೆ. ವಿಷದ ಬಹುಪಾಲು ಕೆಲಸ ಆ ಬಾಲದ್ದೇ. ಅನಟಾಕ್ಸಿನ್ನೂ ಉಳಿಯುವುದಿಲ್ಲ.

ಆದರೆ ಆ ರ‍್ಯಾಡಿಕಲ್ ಆನೋಡ್ ಮೈಯಿಂದ ಒಂದು ಮೈಕ್ರಾನ್ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ವಿಷದ ಅಣು ಅಲ್ಲಿಗೆ ತಲುಪಬೇಕು. ಲೀಟರಿಗೆ 20 ಮೈಕ್ರೋಗ್ರಾಂ ಎಂದರೆ ಅಣುಗಳು ಬಹಳ ವಿರಳ. ಹೀಗಾಗಿ ಕರೆಂಟ್ ಏರಿಸಿದರೆ ಒಂದು ಹಂತದ ನಂತರ ವೇಗ ಹೆಚ್ಚುವುದಿಲ್ಲ, ಆಮ್ಲಜನಕದ ಗುಳ್ಳೆಯಷ್ಟೇ ಹೆಚ್ಚುತ್ತದೆ. ಕರೆಂಟಿಗಿಂತ ಮೊದಲು ಪಂಪಿನ ಹರಿವು ಹೆಚ್ಚಿಸಿ, ಸಂದಿ ಕಿರಿದು ಮಾಡಿ.

ಇನ್ನೂ ದೊಡ್ಡ ತಕರಾರು ಪರ್ಕ್ಲೋರೇಟ್. ನೀರಿನ ಕ್ಲೋರೈಡನ್ನು ಈ ಆನೋಡ್ ಕ್ಲೋರೇಟ್ ದಾಟಿಸಿ ಪರ್ಕ್ಲೋರೇಟ್‌ವರೆಗೆ ಒಯ್ಯುತ್ತದೆ, ಹೆಚ್ಚು ಹೊತ್ತು ಓಡಿಸಿದಷ್ಟೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 70 ಮೈಕ್ರೋಗ್ರಾಂ. ಅದು ಥೈರಾಯ್ಡ್‌ಗೆ ಅಯೋಡಿನ್ ಸೇರದಂತೆ ತಡೆಯುತ್ತದೆ, ಸಾಮಾನ್ಯ ಕಾರ್ಬನ್ ಸೋಸುಗದಿಂದ ನೆಚ್ಚುವಷ್ಟು ಹೋಗುವುದೂ ಇಲ್ಲ. ಕ್ಲೋರೈಡ್ ಹೆಚ್ಚಿರುವ ಕುಡಿಯುವ ನೀರಿಗೆ ವಜ್ರಲೇಪವನ್ನು ನಾವು ಸೂಚಿಸುವುದಿಲ್ಲ. ಕ್ಲೋರೇಟ್‌ಗೆ 0.7 ಮಿ.ಗ್ರಾಂ., ಬ್ರೋಮೇಟ್‌ಗೆ 10 ಮೈಕ್ರೋಗ್ರಾಂ ಮಿತಿಯೂ ನೆನಪಿರಲಿ. ಸೀಸದ ಆಕ್ಸೈಡ್ ಆನೋಡ್ ಅಗ್ಗವೆಂದು ಯಾರಾದರೂ ಹೇಳಿದರೆ ಕುಡಿಯುವ ನೀರಿಗೆ ಬೇಡವೆನ್ನಿ. ಸೀಸ ಬಿಡುತ್ತದೆ.

ವಿಷ ಹೋಯಿತೆಂದು ಖಚಿತ ಮಾಡಿಕೊಳ್ಳುವುದು ಹೇಗೆ?

ತಿಳಿ ನೀರು ಪುರಾವೆಯಲ್ಲ. ಎಲೈಸಾ ಕಿಟ್ (ಪ್ರತಿಕಾಯಗಳ ನೆರವಿನಿಂದ ವಿಷ ಅಳೆಯುವಂಥದ್ದು) ಅಥವಾ ಪ್ರಯೋಗಾಲಯದ ಪರೀಕ್ಷೆ ಬೇಕು. ಮೂರು ಮಾದರಿ ತೆಗೆಯಿರಿ: ಕಚ್ಚಾ ನೀರು, ಮರಳಿನ ಸೋಸುಗದ ನಂತರದ್ದು, ಕ್ಲೋರಿನ್ ನಂತರದ್ದು. ಕಚ್ಚಾ ನೀರಲ್ಲಿ ಒಟ್ಟು ವಿಷ ಮತ್ತು ಕರಗಿದ ವಿಷ ಎರಡನ್ನೂ ಕೇಳಿ. ಒಟ್ಟು ಅಳೆಯಲು ಮಾದರಿಯನ್ನು ಮೂರು ಸಲ ಹೆಪ್ಪುಗಟ್ಟಿಸಿ ಕರಗಿಸುತ್ತಾರೆ, ಕೋಶ ಒಡೆಯಲಿ ಎಂದು. ಸೋಸಿದ ನೀರಿನಲ್ಲಿ ಕರಗಿದ ವಿಷ ಕಚ್ಚಾ ನೀರಿಗಿಂತ ಹೆಚ್ಚಿದ್ದರೆ ನಿಮ್ಮ ಮೊದಲ ಹಂತವೇ ಕೋಶ ಒಡೆಯುತ್ತಿದೆ ಎಂದರ್ಥ.

ಕಂದು ಗಾಜಿನ ಬಾಟಲಿ ಬಳಸಿ, ವಿಷ ಕೆಲವು ಪ್ಲಾಸ್ಟಿಕ್‌ಗಳಿಗೆ ಅಂಟುತ್ತದೆ. ಕ್ಲೋರಿನ್ ಹಾಕಿದ ಮಾದರಿಗೆ ತೆಗೆದ ಕೂಡಲೇ ಸೋಡಿಯಂ ಥಯೋಸಲ್ಫೇಟ್ ಸೇರಿಸಿ. ಇಲ್ಲದಿದ್ದರೆ ಪ್ರಯೋಗಾಲಯಕ್ಕೆ ಹೋಗುವ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡುತ್ತಲೇ ಇರುತ್ತದೆ, ಫಲಿತಾಂಶ ನಿಮ್ಮ ನಲ್ಲಿಯದ್ದಲ್ಲ, ಬಸ್ಸಿನಲ್ಲಿ ಹೋದ ಬಾಟಲಿಯದ್ದು. ಅಲ್ಯೂಮಿನಿಯಂ ಕೂಡ ಅಳೆಸಿ. ಭಾರತೀಯ ಮಾನಕ 10500ರಲ್ಲಿ ಅಪೇಕ್ಷಿತ ಮಿತಿ ಲೀಟರಿಗೆ 0.03 ಮಿ.ಗ್ರಾಂ., ಬೇರೆ ಮೂಲ ಇಲ್ಲದಿದ್ದಾಗ 0.2.

ಮನೆಯ ಯುವಿ, ಆರ್‌ಒ ಯಂತ್ರ?

ಮನೆಯ ಯುವಿ ದೀಪದ ಬೆಳಕು ಈ ವಿಷಕ್ಕೆ ಸಾಲದು. ಚೆನ್ನಾಗಿರುವ ಆರ್‌ಒ ಪೊರೆ ಮೈಕ್ರೋಸಿಸ್ಟಿನ್ ಅನ್ನು ತಡೆಯುತ್ತದೆ, ಆದರೆ ಪಾಚಿ ನೀರನ್ನು ನೇರ ಬಿಟ್ಟರೆ ಬೇಗ ಕಟ್ಟಿಕೊಳ್ಳುತ್ತದೆ. ಕಾರ್ಬನ್ ಹೀರುತ್ತದೆ, ತುಂಬಿದ ಮೇಲೆ ಬಿಟ್ಟುಬಿಡುತ್ತದೆ. 1996ರಲ್ಲಿ ಬ್ರೆಜಿಲ್‌ನ ಕರುವಾರು ಎಂಬಲ್ಲಿ ಡಯಾಲಿಸಿಸ್ ರೋಗಿಗಳ ನೀರಿಗೆ ಈ ವಿಷ ಸೇರಿ 50ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಯ ಶುದ್ಧೀಕರಣ ಸಾಲಿನಲ್ಲಿ ಕಾರ್ಬನ್ ಇತ್ತು, ಮೈಕ್ರೋಸಿಸ್ಟಿನ್ ಅದರೊಳಗೂ ಪತ್ತೆಯಾಯಿತು. ಡಯಾಲಿಸಿಸ್ ಘಟಕಗಳಿಗೆ ಈ ಪುಟದ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ.

ತೆಗೆದ ಕೆನೆ, ಗಸಿಯನ್ನು ಏನು ಮಾಡುವುದು?

ಒಂದು ಸಲಕ್ಕೆ ಸುಮಾರು 58 ಗ್ರಾಂ ಒಣ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಅದರ ಮೇಲೆ ಪಾಚಿಯ ತೂಕ. ಒದ್ದೆಯಾಗಿ ಹಲವು ಲೀಟರ್. ವಿಷವೆಲ್ಲ ಈಗ ಇದರಲ್ಲಿದೆ. ಒಂದು ದಿನದೊಳಗೆ ನೀರಿನಿಂದ ಬೇರ್ಪಡಿಸಿ. ಬಿಟ್ಟರೆ ಕೋಶಗಳು ಕೊಳೆತು ವಿಷ ವಾಪಸು ನೀರಿಗೆ. ಪ್ಲಾಸ್ಟಿಕ್ ಹಾಸಿದ ಒಣಗುಮಡಿಯಲ್ಲಿ ಹರಡಿ, ಮಳೆ ಬೀಳದಂತೆ ಮೇಲೆ ಮುಚ್ಚಿ, ಬಸಿದ ನೀರನ್ನು ಎರಡನೆಯ ಹಂತಕ್ಕೆ ಕೊಡಿ. ಸೊಪ್ಪಿನ ಮಡಿಗೆ ಗೊಬ್ಬರವಾಗಿ ಹಾಕಬೇಡಿ, ದನ, ನಾಯಿ, ಕೋಳಿ ಹತ್ತಿರ ಸುಳಿಯದಂತೆ ಬೇಲಿ ಇರಲಿ. ಒಣಗಿದ ಹುಡಿಯಲ್ಲೂ ವಿಷ ತಿಂಗಳುಗಟ್ಟಲೆ ಉಳಿಯಬಲ್ಲದು, ಗುಡಿಸುವಾಗ ಮುಖಗವಸು ಹಾಕಿ.

ಬೆಂಕಿಯ ಅಪಾಯ ಇದೆಯೇ?

ಇದೆ. 60 ಆಂಪಿಯರ್-ಗಂಟೆಗೆ ಸುಮಾರು 27 ಲೀಟರ್ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ 4 ಶೇಕಡಾ ಸೇರಿದರೆ ಹೊತ್ತಿಕೊಳ್ಳುತ್ತದೆ. ತೊಟ್ಟಿಗೆ ಮುಚ್ಚಳ ಹಾಕಬೇಡಿ, ಚಪ್ಪರದಡಿ ಹೊರಗೆ ಇಡಿ. ಕರೆಂಟ್ ಹರಿಯುತ್ತಿರುವಾಗ ತಂತಿ ಕಳಚಬೇಡಿ, ಆ ಕಿಡಿಯೇ ಸಾಕು. ನೊರೆಯೊಳಗೂ ಹೈಡ್ರೋಜನ್ ಇರುತ್ತದೆ, ಬೀಡಿ-ಸಿಗರೇಟು ದೂರ. ಉಪ್ಪುನೀರಿನ ಕೋಶಕ್ಕೂ ಇದೇ ನಿಯಮ.

ಇಡೀ ಕೆರೆಗೇ ಇದನ್ನು ಮಾಡಬಹುದೇ?

10 ಹೆಕ್ಟೇರ್, ಸರಾಸರಿ 2 ಮೀಟರ್ ಆಳದ ಕೆರೆಯೆಂದರೆ 20 ಕೋಟಿ ಲೀಟರ್. ಮೇಲಿನ ಲೆಕ್ಕದಂತೆ 4 ಟನ್ ಅಲ್ಯೂಮಿನಿಯಂ, 84,000 ಯೂನಿಟ್ ಕರೆಂಟ್, ಬೆಟ್ಟದಷ್ಟು ವಿಷದ ಗಸಿ. ಇಷ್ಟೆಲ್ಲ ಮಾಡಿದ ಮೇಲೂ ಕೊಳಚೆಯ ರಂಜಕ ಒಳಬರುತ್ತಲೇ ಇದ್ದರೆ ಕೆಲವೇ ವಾರಗಳಲ್ಲಿ ಹಸಿರು ಮರಳುತ್ತದೆ. ಬಳಸುವ ನೀರಿಗೆ ಮಾತ್ರ ಇದು ಮದ್ದು. ಕೆರೆಗೆ ಮದ್ದು ರಾಜಕಾಲುವೆಯ ಬಾಯಲ್ಲಿದೆ.

ದನಕರುಗಳಿಗೆ ಮೊದಲ ಹಂತ ಮಾತ್ರ ಸಾಕೇ?

ಕೆನೆ ಕಟ್ಟಿದ ನೀರು ನೇರ ಕುಡಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ಪಾಚಿ ಸಾಯುತ್ತಿರುವ ದಿನಗಳಲ್ಲಿ, ಅಂದರೆ ನೀರು ಹಸಿರಿನಿಂದ ನೀಲಿ-ಬಿಳಿಗೆ ತಿರುಗಿ ಕೊಳೆತ ವಾಸನೆ ಬಂದಾಗ, ವಿಷ ಆಗಲೇ ಕರಗಿರುತ್ತದೆ. ಮೊದಲ ಹಂತ ಅದನ್ನು ಮುಟ್ಟುವುದಿಲ್ಲ. ಆ ದಿನಗಳಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಕೊಡಿ.

ಮಳೆಗಾಲದಲ್ಲಿ ಪಾಚಿ ಹೋದ ಮೇಲೆ ಪ್ಲೇಟುಗಳನ್ನು ಹಾಗೇ ಬಿಡಬಹುದೇ?

ನೀರಿನಲ್ಲಿ ಬಿಡಬೇಡಿ. ಕರೆಂಟ್ ಇಲ್ಲದಿದ್ದರೂ ತೂತು ಬೀಳುತ್ತವೆ. ತೆಗೆದು, ತೊಳೆದು, ಒಣಗಿಸಿ, ತೂಕವನ್ನು ಪ್ಲೇಟಿನ ಮೇಲೇ ಬರೆದು ನೆರಳಲ್ಲಿಡಿ. ಲೇಪವಿರುವ ಟೈಟಾನಿಯಂ ಆನೋಡನ್ನು ಉಜ್ಜಬೇಡಿ, ಮೆದು ನೀರಿನಲ್ಲಿ ಅದ್ದಿ ತೆಗೆದರೆ ಸಾಕು. ಮುಂದಿನ ಬೇಸಿಗೆಯಲ್ಲಿ ಮೊದಲ ಎರಡು ಸಲದ ನೀರನ್ನು ಬಳಕೆಗೆ ಬಿಡಬೇಡಿ. ಇಟ್ಟ ಪ್ಲೇಟಿನ ಆಕ್ಸೈಡ್ ಕಳಚುವವರೆಗೆ ಮುದ್ದೆ ಸರಿಯಾಗಿ ಕಟ್ಟುವುದಿಲ್ಲ.